ಪಾಚಿ ಸಾಯಿಸುವುದು ಸುಲಭ, ಸತ್ತ ಪಾಚಿ ಹೊರಹಾಕುವುದೇ ಕೆಲಸ

ಒಂದು ಗಾಜಿನ ಅಕ್ವೇರಿಯಂ, ಒಂದು ತೋಟದ ಕೊಳ. ಎರಡರಲ್ಲೂ ಪಾಚಿ ಮಿತಿ ಮೀರಿತ್ತು, ಎರಡರಲ್ಲೂ ಬೇಡದ ಹುಳುಗಳು ಸೇರಿಕೊಂಡಿದ್ದವು. ಎರಡನ್ನೂ ಹದಕ್ಕೆ ತರಲು ಹತ್ತು ವಾರ ಬೇಕಾಯಿತು. ಯಾವ ದಿನ ಏನು ಮಾಡಿದೆವು, ಎಷ್ಟು ಹಾಕಿದೆವು, ಎಲ್ಲಿ ತಪ್ಪಾಯಿತು, ಏಕೆ ತಪ್ಪಾಯಿತು ಎಂಬುದನ್ನು ಬರೆದಿಟ್ಟಿದ್ದರಿಂದ ಇಲ್ಲಿ ಅಳತೆ ಸಮೇತ ಹೇಳಬಹುದು.

ಮೊದಲು ನೀರಿನ ಲೆಕ್ಕ. ಅಕ್ವೇರಿಯಂ 90 ಸೆಂ.ಮೀ. ಉದ್ದ, 45 ಅಗಲ, 45 ಎತ್ತರ. ಗಾಜಿನ ಅಳತೆಯಲ್ಲಿ ಅದು 182 ಲೀಟರ್. ಆದರೆ ನೀರು ನಿಲ್ಲುವುದು 40 ಸೆಂ.ಮೀ. ಮಟ್ಟಕ್ಕೆ. ಉದ್ದ, ಅಗಲ, ನೀರಿನ ಎತ್ತರ ಮೂರನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ 162 ಲೀಟರ್. ಮರಳು, ಕಲ್ಲು, ಮರದ ಬೊಡ್ಡೆ ಹಿಡಿದ ಜಾಗ ಕಳೆದರೆ ನಿಜವಾಗಿ ಇರುವ ನೀರು 140 ಲೀಟರ್. ಔಷಧದ ಪ್ರಮಾಣವೆಲ್ಲ ಈ 140ರ ಮೇಲೆ. 182 ಎಂದುಕೊಂಡು ಹಾಕಿದ್ದರೆ ಪ್ರತಿ ಸಲವೂ ಶೇ. 30ರಷ್ಟು ಹೆಚ್ಚು ಬೀಳುತ್ತಿತ್ತು. ಸೀಗಡಿ ಸಾಯಲು ಅಷ್ಟೇ ಸಾಕು.

ಎರಡನೆಯದು, ಪಾಚಿಯ ಗುರುತು. ಎಲ್ಲವನ್ನೂ ಪಾಚಿ ಎಂದು ಒಂದೇ ಹೆಸರಿನಲ್ಲಿ ಕರೆದರೆ ಮದ್ದು ತಪ್ಪುತ್ತದೆ. ಈ ತೊಟ್ಟಿಯಲ್ಲಿ ನಾಲ್ಕು ಬಗೆ ಇತ್ತು. ಗಾಜಿನ ಮೇಲೆ ಉಗುರಿನಿಂದ ಕೆರೆದರೂ ಬಾರದ ಗಟ್ಟಿ ಹಸಿರು ಚುಕ್ಕೆ. ಪಾಚಿಗಿಡದೊಳಗೆ, ಅಂದರೆ ಜಾವಾ ಮಾಸ್ ಒಳಗೆ, ಹೆಣೆದುಕೊಂಡ ಕೂದಲಿನಂಥ ಎಳೆ. ಫಿಲ್ಟರಿನ ನೀರು ಬೀಳುವ ಬಾಯಿ ಮತ್ತು ಅನುಬಿಯಾಸ್ ಗಿಡದ ಎಲೆಯಂಚಿನಲ್ಲಿ ಕಪ್ಪು ಗಡ್ಡದಂತೆ ಬೆಳೆದ ಪಾಚಿ. ಮರಳು ಗಾಜಿಗೆ ತಾಗುವ ಗೆರೆಯಲ್ಲಿ ನೀಲಿ-ಹಸಿರು ಲೋಳೆ ಹಾಸು.

ಕಪ್ಪು ಗಡ್ಡ ಹೌದೋ ಅಲ್ಲವೋ ನೋಡಲು ಒಂದು ಸುಲಭ ಉಪಾಯವಿದೆ. ಒಂದು ಚಿಟಿಕೆ ಕಿತ್ತು ಸಣ್ಣ ಲೋಟದಲ್ಲಿ ಸ್ಪಿರಿಟ್ ಹಾಕಿ ಅದರೊಳಗೆ ಬಿಡಿ. ಕಪ್ಪಾಗಿ ಕಂಡದ್ದು ನಿಧಾನವಾಗಿ ಕೆಂಪಿಗೆ ತಿರುಗುತ್ತದೆ. ಅದು ಹುಟ್ಟಿನಲ್ಲಿ ಕೆಂಪು ಪಾಚಿಯ ಕುಲ. ಹಸಿರು ಬಣ್ಣ ಸ್ಪಿರಿಟ್ಟಿಗೆ ಇಳಿದುಹೋದಾಗ ಒಳಗಿನ ಕೆಂಪು ಕಾಣಿಸಿಕೊಳ್ಳುತ್ತದೆ. ಇನ್ನು ನೀಲಿ-ಹಸಿರು ಲೋಳೆ ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ. ಬೆರಳಿನಿಂದ ಎಬ್ಬಿಸಿದರೆ ಹಾಳೆಯಂತೆ ಒಟ್ಟಿಗೆ ಏಳುತ್ತದೆ, ಹಳೆ ಕೆಸರಿನ ವಾಸನೆ ಬರುತ್ತದೆ. ಈ ಎರಡು ಲಕ್ಷಣ ಸಾಕು, ಬೇರೆ ಪರೀಕ್ಷೆ ಬೇಡ.

ಮೊದಲ ದಿನ ಏನನ್ನೂ ಸುರಿಯಲಿಲ್ಲ. ನೀರು ಪರೀಕ್ಷಿಸಿದೆವು: ಅಮೋನಿಯಾ 0, ನೈಟ್ರೇಟ್ 60 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 60 ಪಾಲು. ದೀಪ ದಿನಕ್ಕೆ 11 ಗಂಟೆ ಉರಿಯುತ್ತಿತ್ತು, ಅದರ ಮೇಲೆ ಮಧ್ಯಾಹ್ನ ಕಿಟಕಿಯಿಂದ ಎರಡು ಗಂಟೆ ನೇರ ಬಿಸಿಲು. ಫಿಲ್ಟರ್ ಬಿಚ್ಚಿದರೆ ಸ್ಪಂಜು ಗಸಿ ಕಟ್ಟಿ ಹಲಗೆಯಂತಾಗಿತ್ತು, ನೀರಿನ ಹರಿವು ಅರ್ಧಕ್ಕೆ ಇಳಿದಿತ್ತು. ಹರಿವು ಕುಗ್ಗಿದ ಮೂಲೆಯಲ್ಲೇ ಲೋಳೆ ಹಾಸಿದ್ದು, ಗಸಿ ಕೂತ ಕಡೆಯೇ ಕಪ್ಪು ಗಡ್ಡ ಬೆಳೆದಿದ್ದು.

ದೀಪಕ್ಕೆ ಟೈಮರ್ ಹಾಕಿ 6 ಗಂಟೆಗೆ ಇಳಿಸಿ, ಕಿಟಕಿಯ ಕಡೆಯ ಗಾಜಿಗೆ ಕಪ್ಪು ಕಾಗದ ಅಂಟಿಸಿದೆವು. ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ಒಂದು ಬಕೆಟ್ ನೀರಿನಲ್ಲಿ ಹಿಂಡಿದೆವು. ನಲ್ಲಿಯ ಕ್ಲೋರಿನ್ ನೀರಿಗೆ ಹಿಡಿದರೆ ಅಮೋನಿಯಾ ಅರಗಿಸುವ ಬ್ಯಾಕ್ಟೀರಿಯಾ ಸಾಯುತ್ತದೆ, ಮಾರನೆಯ ದಿನ ಪಾಚಿಗಿಂತ ದೊಡ್ಡ ತೊಂದರೆ ಎದುರಾಗುತ್ತದೆ. ಗಾಜಿನ ಚುಕ್ಕೆಗೆ ಬ್ಲೇಡನ್ನು ಓರೆಯಾಗಿ ಹಿಡಿದು ಕೆಳಗಿನಿಂದ ಮೇಲಕ್ಕೆ ಎಳೆದೆವು. ಬ್ಲೇಡಿಗೆ ಮರಳಿನ ಒಂದು ಕಣ ಸಿಕ್ಕಿದರೂ ಗಾಜಿಗೆ ಗೀರು ಬೀಳುತ್ತದೆ, ಆದ್ದರಿಂದ ಮರಳಿನಿಂದ ಎರಡು ಸೆಂ.ಮೀ. ಮೇಲೆಯೇ ನಿಲ್ಲಿಸಬೇಕು. ಅಕ್ರಿಲಿಕ್ ತೊಟ್ಟಿಯಾದರೆ ಬ್ಲೇಡ್ ಮುಟ್ಟಿಸಲೇಬಾರದು, ಹಳೆಯ ಪ್ಲಾಸ್ಟಿಕ್ ಕಾರ್ಡು ಸಾಕು. ಕೂದಲು ಪಾಚಿಗೆ ಹಳೆಯ ಟೂತ್‌ಬ್ರಶ್: ಎಳೆಗಳ ನಡುವೆ ತೂರಿಸಿ ಒಂದೇ ದಿಕ್ಕಿಗೆ ತಿರುಗಿಸುತ್ತ ಹೋದರೆ ನೂಲು ಸುತ್ತಿದಂತೆ ಸುತ್ತಿಕೊಂಡು ಬರುತ್ತದೆ. ಬ್ರಶ್ಶನ್ನು ತೊಟ್ಟಿಯೊಳಗೆ ಜಾಲಿಸಬಾರದು, ಪ್ರತಿ ಸುತ್ತಿಗೂ ಹೊರಗೆ ಬಕೆಟ್ಟಿನಲ್ಲಿ ಬಿಡಿಸಬೇಕು. ತುಂಡಾದ ಎಳೆ ಒಳಗೆ ಉಳಿದರೆ ಒಂದೊಂದೂ ಹೊಸ ಬುಡವಾಗುತ್ತದೆ.

ಮರಳಿನ ಗಸಿಯನ್ನು ಸೈಫನ್ ಕೊಳವೆಯಿಂದ ಎಳೆಯುತ್ತಲೇ ಅರ್ಧ ನೀರು ಇಳಿಸಿದೆವು. ಆಗ ಹೈಡ್ರೋಜನ್ ಪೆರಾಕ್ಸೈಡ್, ಶೇ. 3ರದ್ದು. ನಾವು ಇಟ್ಟುಕೊಂಡ ಮೇಲ್ಮಿತಿ ಲೀಟರಿಗೆ 0.4 ಮಿ.ಲೀ. ಇಲ್ಲಿ ಬಹಳ ಜನ ಎಡವುತ್ತಾರೆ: ನೀರು ಇಳಿಸಿದ ಮೇಲೆ ಹಾಕುವುದಾದರೆ ಆಗ ಉಳಿದಿರುವ ನೀರಿನ ಲೆಕ್ಕ ಹಿಡಿಯಬೇಕು. ತೊಟ್ಟಿಯಲ್ಲಿ ಉಳಿದದ್ದು 70 ಲೀಟರ್, ಅಂದರೆ 28 ಮಿ.ಲೀ.ಗೆ ಮುಗಿಯಿತು. ನೀರಿನಿಂದ ಹೊರಗೆ ಬಂದ ಅನುಬಿಯಾಸ್ ಎಲೆಗಳಿಗೆ ಸ್ಪ್ರೇ ಬಾಟಲಿಯಲ್ಲಿ ಹೊಡೆದು ಐದು ನಿಮಿಷ ಬಿಟ್ಟೆವು. ನೀರಿನಡಿಯ ಕಪ್ಪು ಗಡ್ಡಕ್ಕೆ ಫಿಲ್ಟರ್ ನಿಲ್ಲಿಸಿ, ಸಿರಿಂಜಿನ ತುದಿಯನ್ನು ಗಡ್ಡಕ್ಕೆ ತಾಗಿಸಿ ನಿಧಾನವಾಗಿ ಒತ್ತಿದೆವು. ಒತ್ತಿದ ಕಡೆಯಿಂದ ಸಣ್ಣ ಗುಳ್ಳೆಗಳು ಸಾಲಾಗಿ ಏಳತೊಡಗುತ್ತವೆ. ಹದಿನೈದು ನಿಮಿಷ ಕಳೆದು ಫಿಲ್ಟರ್ ಹಾಕಿ, ಕ್ಲೋರಿನ್ ಕಳೆದ ಹೊಸ ನೀರು ತುಂಬಿದೆವು. ಫಿಲ್ಟರನ್ನು ಗಂಟೆಗಟ್ಟಲೆ ನಿಲ್ಲಿಸಿ ಮರೆತರೆ ಒಳಗಿನ ಬ್ಯಾಕ್ಟೀರಿಯಾಗೆ ಆಮ್ಲಜನಕ ಸಿಗುವುದಿಲ್ಲ.

ಮೂರನೆಯ ದಿನ ಗಡ್ಡ ವೈನ್ ಬಣ್ಣಕ್ಕೆ, ಐದನೆಯ ದಿನ ನಸುಗೆಂಪಿಗೆ ತಿರುಗಿತು. ಆಮೇಲೆ ಬಿಳಿಚಿಕೊಂಡಾಗ ಸೀಗಡಿಗಳೇ ಮೇಯತೊಡಗಿದವು. ಬದುಕಿರುವ ಕಪ್ಪು ಗಡ್ಡವನ್ನು ಅವು ಮೂಸಿಯೂ ನೋಡುವುದಿಲ್ಲ. ವ್ಯಾಲಿಸ್ನೇರಿಯಾ ಗಿಡ ಮತ್ತು ಮಾಸ್ ಮೇಲೆ ಪೆರಾಕ್ಸೈಡ್ ನೇರ ಬಿದ್ದರೆ ಅವೂ ಸುಡುತ್ತವೆ. ಪಾಚಿನಾಶಕವೆಂದು ಮಾರುವ ಗ್ಲುಟರಾಲ್ಡಿಹೈಡ್ ದ್ರಾವಣಕ್ಕೂ ಈ ಮಾತು ಅನ್ವಯಿಸುತ್ತದೆ.

ಲೋಳೆಗೆ ಪೂರ್ತಿ ಕತ್ತಲು ಕೊಡಬೇಕು. ಎರಡನೆಯ ವಾರ ಲೋಳೆ ಹಾಸನ್ನು ಸೈಫನ್ನಿನಲ್ಲಿ ಆದಷ್ಟು ಎಳೆದು, ಅರ್ಧ ನೀರು ಬದಲಿಸಿ, ತೊಟ್ಟಿಗೆ ದಪ್ಪ ಕಂಬಳಿ ಹೊದಿಸಿದೆವು. ಮೂರು ಹಗಲು ಮೂರು ರಾತ್ರಿ ದೀಪವಿಲ್ಲ, ಆಹಾರವಿಲ್ಲ, ಇಣುಕುವುದೂ ಇಲ್ಲ. ಏರ್ ಪಂಪ್ ಮಾತ್ರ ಬಿಡದೆ ಓಡಬೇಕು, ಏಕೆಂದರೆ ಕತ್ತಲಲ್ಲಿ ಗಿಡವೂ ಆಮ್ಲಜನಕ ಎಳೆದುಕೊಳ್ಳುತ್ತದೆ.

ನಮ್ಮ ತಪ್ಪು ಆದದ್ದು ನಾಲ್ಕನೆಯ ದಿನ. ಕಂಬಳಿ ತೆಗೆದಾಗ ನೀರು ತಿಳಿಯಾಗಿತ್ತು, ಲೋಳೆ ಬೂದು ಬಣ್ಣಕ್ಕೆ ತಿರುಗಿ ಮರಳಿಗೆ ಅಂಟಿಕೊಂಡಿತ್ತು. ಕೆಲಸ ಮುಗಿಯಿತೆಂದು ನೀರು ಬದಲಿಸುವುದನ್ನು ಮಾರನೆಯ ದಿನಕ್ಕೆ ಬಿಟ್ಟೆವು. ಬೆಳಿಗ್ಗೆ ಅಮೋನಿಯಾ 0.5 ಪಿಪಿಎಂ, ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಸತ್ತ ಲೋಳೆ ಕೊಳೆತು ಅಮೋನಿಯಾ ಬಿಟ್ಟಿತ್ತು, ಕೊಳೆಯಿಸುವ ಬ್ಯಾಕ್ಟೀರಿಯಾ ಆಮ್ಲಜನಕ ಹೀರಿತ್ತು. ಕೂಡಲೇ ಗಸಿ ಎಳೆದು ಅರ್ಧ ನೀರು ಬದಲಿಸಿದ್ದರಿಂದ ಮೀನು ಉಳಿದವು. ಆಮೇಲಿನ ಎಂಟು ವಾರವೂ ಒಂದೇ ಕಟ್ಟುಪಾಡು: ಸಾಯಿಸಿದ ದಿನವೇ ಹೊರಹಾಕಲು ಬಿಡುವಿಲ್ಲದಿದ್ದರೆ ಸಾಯಿಸುವ ಕೆಲಸಕ್ಕೆ ಕೈ ಹಾಕುವಂತಿಲ್ಲ.

ನೈಟ್ರೇಟನ್ನು ವಾರಕ್ಕೊಮ್ಮೆ ಶೇ. 40 ನೀರು ಬದಲಿಸಿ 10ರಿಂದ 20ರ ನಡುವೆ ತಂದು ನಿಲ್ಲಿಸಿದೆವು. ಸೊನ್ನೆಗೆ ಇಳಿಸಲಿಲ್ಲ. ಪೋಷಕಾಂಶವೇ ಇಲ್ಲದಂತೆ ಮಾಡಿದರೆ ಪಾಚಿ ಹೋಗುತ್ತದೆಂಬುದು ತಪ್ಪು ಎಣಿಕೆ. ಮೊದಲು ಸೊರಗುವುದು ಗಿಡ. ನೈಟ್ರೇಟ್ ತೀರಾ ಕಡಿಮೆಯಾದರೆ ನೀಲಿ-ಹಸಿರು ಲೋಳೆಗೆ ಅನುಕೂಲ, ಫಾಸ್ಫೇಟ್ ತೀರಾ ಕಡಿಮೆಯಾದರೆ ಗಾಜಿನ ಹಸಿರು ಚುಕ್ಕೆಗೆ ಅನುಕೂಲ. ಚುರುಕಾಗಿ ಬೆಳೆಯುವ ಗಿಡ ಒಂದೆರಡು ಹಿಡಿ ಹೆಚ್ಚು ನೆಡುವುದು ಯಾವ ಬಾಟಲಿ ಮದ್ದಿಗಿಂತಲೂ ಮೇಲು.

ಬಸವನಹುಳು ಮತ್ತು ಚಪ್ಪಟೆ ಹುಳು

ಬಸವನಹುಳು ಹೆಚ್ಚಿದೆ ಎಂದರೆ ಆಹಾರ ಹೆಚ್ಚಾಗಿದೆ ಎಂದರ್ಥ. ಮೀನು ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು, ದಿನಕ್ಕೊಮ್ಮೆ, ವಾರದಲ್ಲಿ ಒಂದು ದಿನ ಉಪವಾಸ. ಇದರ ಜೊತೆಗೆ ರಾತ್ರಿ ದೀಪ ಆರಿದ ಮೇಲೆ ಬಿಸಿನೀರಲ್ಲಿ ಅದ್ದಿದ ಸೌತೆಕಾಯಿ ಹೋಳಿಗೆ ಸ್ಟೀಲ್ ಚಮಚ ಚುಚ್ಚಿ ತಳಕ್ಕೆ ಬಿಟ್ಟು, ಬೆಳಕು ಹತ್ತುವ ಮೊದಲೇ ಎತ್ತಿದೆವು. ಹೋಳಿನ ಅಡಿಯಲ್ಲಿ ಹುಳುಗಳು ಒಂದರ ಮೇಲೊಂದು ಕೂತಿರುತ್ತವೆ. ಸಾಲಾಗಿ ಹತ್ತು ರಾತ್ರಿ ಮಾಡಬೇಕು. ಗಾಜಿಗೆ ಅಂಟಿಸಿ ಹಿಸುಕಿ ಹಾಗೇ ಬಿಡುವ ಅಭ್ಯಾಸ ಹಲವರಿಗಿದೆ. ಒಂದೆರಡಾದರೆ ಮೀನು ತಿನ್ನುತ್ತದೆ, ಐವತ್ತಾದರೆ ನೀರು ಕೆಡುತ್ತದೆ. ತಾಮ್ರದ ಮದ್ದಂತೂ ಬೇಡವೇ ಬೇಡ. ಬಸವನಹುಳು ಒಂದೇ ರಾತ್ರಿ ಸತ್ತು ಮರಳಿನಡಿ ಕೊಳೆಯುತ್ತವೆ, ಸೀಗಡಿಯೂ ಉಳಿಯುವುದಿಲ್ಲ.

ಶಂಖದ ಆಕಾರದ ಉದ್ದನೆಯ ಬಸವನಹುಳು, ಮಲೇಷಿಯನ್ ಟ್ರಂಪೆಟ್, ಬೇರೆ ಜಾತಿಯ ಸಮಸ್ಯೆ. ಅದು ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ. ಹಗಲು ಮರಳಿನೊಳಗೆ ಹುದುಗಿರುವುದರಿಂದ ಕಂಡದ್ದಕ್ಕಿಂತ ಹಲವು ಪಟ್ಟು ಒಳಗಿರುತ್ತದೆ. ಇದಕ್ಕೆ ಅಸಾಸಿನ್ ಬಸವನಹುಳು ಐದು ಬಿಟ್ಟೆವು. ಅದು ಬೇರೆ ಬಸವನಹುಳುಗಳನ್ನೇ ಬೇಟೆಯಾಡಿ ತಿನ್ನುವ ಜಾತಿ. ಕೆಲಸ ನಿಧಾನ, ಎಂಟು ವಾರದಲ್ಲಿ ಅರ್ಧಕ್ಕೆ ಇಳಿಯಿತು. ಅಷ್ಟಕ್ಕೆ ತೃಪ್ತಿಪಟ್ಟೆವು. ಮರಳು ಕೆದಕಿ ಗಾಳಿಯಾಡಿಸುವ ಈ ಹುಳು ಮಿತಿಯಲ್ಲಿದ್ದರೆ ಉಪಕಾರಿ.

ರಾತ್ರಿ ಟಾರ್ಚ್ ಹಿಡಿದಾಗ ಗಾಜಿನ ಮೇಲೆ ಎರಡು ಬಗೆಯ ಬಿಳಿ ಹುಳು ಕಂಡವು. ದಾರದಂತಿದ್ದು ನೀರಿನಲ್ಲಿ ನುಲಿಯುತ್ತ ಹೋಗುವುದು ಗಸಿ ತಿನ್ನುವ ಹುಳು. ಅದು ಯಾರಿಗೂ ಹಾನಿ ಮಾಡುವುದಿಲ್ಲ. ಇನ್ನೊಂದು ಗಾಜಿಗೆ ಅಂಟಿ ಜಾರುತ್ತ ಹೋಗುತ್ತದೆ, ತಲೆ ಬಾಣದ ತುದಿಯಂತೆ ಮುಮ್ಮೂಲೆ, ಮೇಲೆ ಎರಡು ಕಣ್ಣಿನ ಚುಕ್ಕೆ. ಅದು ಪ್ಲನೇರಿಯಾ, ಸೀಗಡಿ ಮರಿ ಮತ್ತು ಮೀನಿನ ಮೊಟ್ಟೆ ತಿನ್ನುತ್ತದೆ. ಚೂರಾಗಿ ಕತ್ತರಿಸಿದರೆ ಚೂರು ಚೂರೂ ಪೂರ್ಣ ಹುಳುವಾಗಿ ಬೆಳೆಯುತ್ತದೆ, ಆದ್ದರಿಂದ ಗಾಜಿನ ಮೇಲೆ ಉಜ್ಜಬಾರದು. ಸಣ್ಣ ಬಾಟಲಿಯ ಮುಚ್ಚಳಕ್ಕೆ ಎರಡು ಮಿ.ಮೀ. ತೂತು ಕೊರೆದು, ಒಳಗೆ ಬೆರಳಿನುಗುರಿನಷ್ಟು ಹಸಿ ಮಾಂಸ ಇಟ್ಟು, ದೀಪ ಆರಿದ ಮೇಲೆ ತಳಕ್ಕೆ ಬಿಟ್ಟು ಎರಡು ಗಂಟೆಗೆ ಎತ್ತಿದೆವು. ಮೊದಲ ರಾತ್ರಿಯೇ ಮೂವತ್ತರ ಮೇಲೆ ಸಿಕ್ಕವು, ಕುದಿನೀರಿಗೆ ಹಾಕಿದೆವು. ರಾತ್ರಿಯಿಡೀ ಬಿಟ್ಟರೆ ಹೊಟ್ಟೆ ತುಂಬಿದ ಹುಳು ತೂತಿನಿಂದಲೇ ಹೊರಬರುತ್ತದೆ, ಮಾಂಸ ಕೊಳೆಯುತ್ತದೆ.

ಬೋನಿನಿಂದ ಸಂಖ್ಯೆ ಇಳಿಯುತ್ತದೆ, ಬುಡಸಮೇತ ಹೋಗುವುದಿಲ್ಲ. ಬುಡಸಮೇತ ತೆಗೆಯಲು ಜಂತುಹುಳುವಿನ ಮದ್ದು ಫೆನ್‌ಬೆಂಡಜೋಲ್ ಬಳಸುತ್ತಾರೆ. ಪುಡಿಯಲ್ಲಿ ಮದ್ದಿನ ಅಂಶ ಶೇ. 10 ಇದೆಯೋ 22 ಇದೆಯೋ ನೋಡದೆ ಇನ್ನೊಬ್ಬರ ಗ್ರಾಂ ಲೆಕ್ಕ ನಂಬಬೇಡಿ. ಅದು ನೀರಿನಲ್ಲಿ ಸರಿಯಾಗಿ ಕರಗುವುದೂ ಇಲ್ಲ, ಸಣ್ಣ ಬಾಟಲಿಯಲ್ಲಿ ನೀರಿನೊಂದಿಗೆ ಚೆನ್ನಾಗಿ ಕುಲುಕಿ ಸುರಿಯಬೇಕು. ಸೀಗಡಿಗೆ ತೊಂದರೆಯಿಲ್ಲ, ಆದರೆ ನೆರೈಟ್ ಬಸವನಹುಳು ಸಾಯುತ್ತದೆ. ಮದ್ದಿನ ಅಂಶ ಮರಳಿನಲ್ಲಿ ಬಹುಕಾಲ ಉಳಿಯುವುದರಿಂದ ತಿಂಗಳ ನಂತರ ಹೊಸದಾಗಿ ಬಿಟ್ಟ ನೆರೈಟ್ ಕೂಡ ಉಳಿಯದಿರಬಹುದು. ಅಡಿಕೆಯ ಸತ್ವದಿಂದ ಮಾಡಿದ ಪುಡಿಯೂ ಪ್ಲನೇರಿಯಾವನ್ನು ಕೊಲ್ಲುತ್ತದೆ. ಅದೂ ಬಸವನಹುಳುವಿಗೆ ವಿಷ. ನಾವು ಬಸವನಹುಳುಗಳನ್ನು ಬೇರೆ ಬಕೆಟ್ಟಿಗೆ ಸಾಗಿಸಿ ಮದ್ದು ಹಾಕಿ, 24 ಗಂಟೆಗೆ ಸತ್ತ ಹುಳು ಎಳೆದು ಶೇ. 40 ನೀರು ಬದಲಿಸಿದೆವು.

ಕೊಳ

ಕೊಳ 3 ಮೀಟರ್ ಉದ್ದ, 2 ಅಗಲ, ಸರಾಸರಿ 70 ಸೆಂ.ಮೀ. ಆಳ, ಅಂದರೆ 4,200 ಲೀಟರ್. ಗೋಲ್ಡ್‌ಫಿಶ್, ನೈದಿಲೆ, ಮತ್ತು ಬಟಾಣಿ ಬೇಯಿಸಿದಂತೆ ಹಸಿರು ನೀರು. ಹಸಿರು ಎಷ್ಟೆಂದು ಕಣ್ಣಂದಾಜು ಹೇಳಿದರೆ ದಿನಕ್ಕೊಂದು ಮಾತಾಗುತ್ತದೆ. ಬಿಳಿ ತಟ್ಟೆಯೊಂದನ್ನು ಅಳತೆ ಗುರುತಿರುವ ಕೋಲಿಗೆ ಕಟ್ಟಿ ಇಳಿಸಿ, ತಟ್ಟೆ ಕಣ್ಮರೆಯಾಗುವ ಆಳ ಬರೆದುಕೊಳ್ಳಬೇಕು. ಮೊದಲ ದಿನ 18 ಸೆಂ.ಮೀ.

ಪಿಎಚ್ ಅನ್ನು ದಿನಕ್ಕೆ ಎರಡು ಸಲ ನೋಡಿದೆವು: ನಸುಕಿನಲ್ಲಿ 7.5, ಸಂಜೆ ನಾಲ್ಕಕ್ಕೆ 9.2. ಹಗಲಿನಲ್ಲಿ ಪಾಚಿ ನೀರಿನ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುವುದರಿಂದ ಪಿಎಚ್ ಏರುತ್ತದೆ, ರಾತ್ರಿ ಉಸಿರಾಡಿ ಮತ್ತೆ ಬಿಡುವುದರಿಂದ ಇಳಿಯುತ್ತದೆ. ಇದು ಬರೀ ಅಂಕಿಯ ಮಾತಲ್ಲ. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಮೀನಿಗೆ ವಿಷವಾಗುವ ರೂಪ ಶೇ. 0.6ರಷ್ಟು ಮಾತ್ರ. ಪಿಎಚ್ 8ಕ್ಕೆ ಅದು ಶೇ. 5, 9ಕ್ಕೆ ಶೇ. 36. ಬೆಳಿಗ್ಗೆ ನಿರಪಾಯವಾಗಿದ್ದ ನೀರು ಸಂಜೆಗೆ ಕಿವಿರು ಸುಡುತ್ತದೆ. ನಸುಕಿನಲ್ಲಿ ಮತ್ತೊಂದು ಕಡೆಯಿಂದ ಅಪಾಯ: ರಾತ್ರಿಯಿಡೀ ಪಾಚಿ ಆಮ್ಲಜನಕ ಹೀರಿರುತ್ತದೆ. 20 ಡಿಗ್ರಿ ನೀರು ಲೀಟರಿಗೆ ಹೆಚ್ಚೆಂದರೆ 9 ಮಿ.ಗ್ರಾಂ ಆಮ್ಲಜನಕ ಹಿಡಿದರೆ 30 ಡಿಗ್ರಿ ನೀರು ಹಿಡಿಯುವುದು 7.5 ಮಾತ್ರ. ಬೇಸಿಗೆಯಲ್ಲಿ ಇಡೀ ಕೊಳಕ್ಕೆ ಒಂದೇ ಸಲ ಪಾಚಿನಾಶಕ ಸುರಿದವರ ಮೀನು ಮಾರನೆಯ ನಸುಕಿಗೇ ಸಾಯುವುದು ಈ ಕಾರಣಕ್ಕೆ, ಮದ್ದಿನ ವಿಷದಿಂದಲೇ ಆಗಬೇಕೆಂದಿಲ್ಲ. ಬಳಸಲೇಬೇಕಾದರೆ ಮೂರರಲ್ಲೊಂದು ಭಾಗಕ್ಕೆ ಮಾತ್ರ ಹಾಕಿ, ವಾರ ಬಿಟ್ಟು ಮುಂದಿನ ಭಾಗ. ತಾಮ್ರದ ಸಲ್ಫೇಟ್ ಮೆದು ನೀರಿನಲ್ಲಿ ಮೀನನ್ನೇ ಕೊಲ್ಲುತ್ತದೆ, ಕ್ಷಾರೀಯತೆ ಲೀಟರಿಗೆ 50 ಮಿ.ಗ್ರಾಂಗಿಂತ ಕಡಿಮೆಯಿದ್ದರೆ ಅದರ ಹತ್ತಿರ ಹೋಗಬಾರದು.

ನಾವು ಹಾಕಿದ್ದು 11 ವ್ಯಾಟಿನ ಯುವಿ, ಅಂದರೆ ಅತಿನೇರಳೆ ಬೆಳಕಿನ, ದೀಪ. ಸಾವಿರ ಲೀಟರಿಗೆ ಎರಡೂವರೆ ವ್ಯಾಟ್ ಲೆಕ್ಕದಲ್ಲಿ ಈ ಕೊಳಕ್ಕೆ ಅಷ್ಟು ಸಾಕು. ಮೀನು ತುಂಬಿರುವ, ಬಿಸಿಲು ಹೊಡೆಯುವ ಕೊಳವಾದರೆ ದುಪ್ಪಟ್ಟು ಬೇಕು. ಯುವಿ ಪಾಚಿಯನ್ನು ಮಾಯ ಮಾಡುವುದಿಲ್ಲ. ಒಂಟಿ ಒಂಟಿ ಕಣಗಳನ್ನು ಸಾಯಿಸಿ ಗುಂಪುಗೂಡಿಸುತ್ತದೆ, ಆ ಗುಂಪನ್ನು ಹಿಡಿಯಬೇಕಾದ್ದು ಫಿಲ್ಟರ್. ನಾಲ್ಕನೆಯ ದಿನದಿಂದ ಸ್ಪಂಜಿನಲ್ಲಿ ರುಬ್ಬಿದ ಸೊಪ್ಪಿನಂಥ ಹಸಿರು-ಕಂದು ಗಸಿ ದಪ್ಪವಾಗಿ ಕಟ್ಟತೊಡಗಿತು. ದಿನಾ ಬೆಳಿಗ್ಗೆ ಹಿಂಡಿ ಗಿಡಗಳ ಬುಡಕ್ಕೆ ಸುರಿದೆವು. ಹಿಂಡದೆ ಬಿಟ್ಟರೆ ಅದು ಫಿಲ್ಟರಿನೊಳಗೇ ಕರಗಿ ಗೊಬ್ಬರವಾಗಿ ಕೊಳಕ್ಕೆ ವಾಪಸ್ಸು ಹೋಗುತ್ತದೆ. ಹತ್ತನೆಯ ದಿನ ತಟ್ಟೆ 60 ಸೆಂ.ಮೀ.ವರೆಗೂ ಕಂಡಿತು. ಯುವಿ ದೀಪವನ್ನು ಬರಿಗಣ್ಣಲ್ಲಿ ನೋಡಬಾರದು, ಬಿಚ್ಚುವ ಮೊದಲು ಪ್ಲಗ್ ಕಿತ್ತಿಡಬೇಕು.

ನೀರು ತಿಳಿಯಾದ ಮೂರೇ ವಾರಕ್ಕೆ ತಳದಿಂದ ನೂಲು ಪಾಚಿ ಎದ್ದಿತು. ಹಸಿರು ನೀರು ಇದ್ದಷ್ಟು ದಿನ ತಳಕ್ಕೆ ಬೆಳಕು ಇಳಿಯುತ್ತಿರಲಿಲ್ಲ, ಈಗ ಇಳಿಯಿತು. ಗೊಬ್ಬರದ ಅಂಶ ಹೇಗೂ ನೀರಿನಲ್ಲೇ ಇತ್ತು. ಯುವಿಗೆ ನೂಲು ಪಾಚಿಯ ಮೇಲೆ ಹಿಡಿತವಿಲ್ಲ, ಏಕೆಂದರೆ ಅದು ದೀಪದ ಮುಂದೆ ಹಾದುಹೋಗುವುದೇ ಇಲ್ಲ. ಒರಟು ಕೋಲನ್ನು ಅದರೊಳಗೆ ತೂರಿಸಿ ತಿರುವಿ ತಿರುವಿ ಎತ್ತಿದೆವು, ಮೊದಲ ದಿನವೇ ಎರಡು ಬಕೆಟ್. ಎತ್ತಿದ್ದನ್ನು ಒಂದು ರಾತ್ರಿ ದಡದಲ್ಲೇ ಬಿಡಬೇಕು, ಅದರಲ್ಲಿ ಸಿಕ್ಕಿಕೊಂಡ ಕಪ್ಪೆಮರಿ, ಕೀಟಗಳು ತೆವಳಿ ನೀರಿಗೆ ಹಿಂತಿರುಗುತ್ತವೆ. ಆಮೇಲೆ ಗೊಬ್ಬರದ ಗುಂಡಿಗೆ.

ಶಾಶ್ವತ ಉತ್ತರ ನೆರಳು. ನೈದಿಲೆ ಮತ್ತು ತೇಲುವ ಗಿಡ ಸೇರಿ ನೀರಿನ ಮೇಲ್ಮೈಯ ಅರ್ಧಕ್ಕಿಂತ ತುಸು ಹೆಚ್ಚು ಮುಚ್ಚುವಂತೆ ಬೆಳೆಸಿದೆವು. ಡಕ್‌ವೀಡ್ ಎಂಬ ಪುಟ್ಟ ತೇಲುವ ಗಿಡ ಹಾಕುವುದಾದರೆ ತೇಲುವ ಕೊಳವೆಯ ಉಂಗುರದೊಳಗೆ ಕಟ್ಟಿಹಾಕಿ, ವಾರಕ್ಕೆ ಅರ್ಧ ತೆಗೆದು ಹೊರಹಾಕಿ. ತೆಗೆದ ಪ್ರತಿ ಹಿಡಿಯ ಜೊತೆ ನೈಟ್ರೇಟ್, ಫಾಸ್ಫೇಟ್ ಹೊರಗೆ ಹೋಗುತ್ತದೆ. ಬಾರ್ಲಿ ಹುಲ್ಲನ್ನೂ ಬಳಸಿದೆವು: ಚದರ ಮೀಟರಿಗೆ 50 ಗ್ರಾಂ, ಆರು ಚದರ ಮೀಟರಿಗೆ 300 ಗ್ರಾಂ, ಜಾಳಿಗೆ ಚೀಲದಲ್ಲಿ ಸಡಿಲವಾಗಿ ತುಂಬಿ ನೀರು ಬೀಳುವ ಕಡೆ ತೇಲಬಿಟ್ಟು. ಕೊಳೆಯುವಾಗ ಬರುವ ಅಂಶ ಹೊಸ ಪಾಚಿ ಮೊಳೆಯದಂತೆ ತಡೆಯುತ್ತದೆ, ಬೆಳೆದದ್ದನ್ನು ಕೊಲ್ಲುವುದಿಲ್ಲ. ಬೆಚ್ಚನೆ ನೀರಿನಲ್ಲಿ ಒಂದೆರಡು ವಾರಕ್ಕೆ, ತಣ್ಣೀರಿನಲ್ಲಿ ಆರೆಂಟು ವಾರಕ್ಕೆ ಕೆಲಸ ಶುರು. ಬಿಗಿಯಾಗಿ ಅಮುಕಿ ಕಟ್ಟಿದರೆ ಒಳಗೆ ಗಾಳಿಯಾಡದೆ ಬರೀ ನಾರುತ್ತದೆ. ಎಲ್ಲ ಕೊಳದಲ್ಲೂ ಫಲ ಒಂದೇ ಸಮ ಇರುವುದಿಲ್ಲ, ನೆರಳಿಗಿರುವ ಭರವಸೆ ಹುಲ್ಲಿಗಿಲ್ಲ.

ಎರಡು ಗೋಲ್ಡ್‌ಫಿಶ್ ಮೈಮೇಲೆ ಆಂಕರ್ ವರ್ಮ್ ಇತ್ತು: ಒಂದು ಸೆಂ.ಮೀ. ಉದ್ದದ ಬಿಳಿ ದಾರ, ತುದಿಯಲ್ಲಿ ಕವಲೊಡೆದ ಎರಡು ಮೊಟ್ಟೆಚೀಲ, ಬುಡದಲ್ಲಿ ಕೆಂಪು ಹುಣ್ಣು. ಹೆಸರಿಗೆ ಹುಳು, ನಿಜದಲ್ಲಿ ಸೀಗಡಿಯ ದೂರದ ನಂಟು. ತಲೆಯನ್ನು ಲಂಗರಿನಂತೆ ಮಾಂಸದೊಳಗೆ ಊರಿರುತ್ತದೆ. ಮೀನನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು, ಚಿಮುಟದಿಂದ ದಾರವನ್ನು ಚರ್ಮಕ್ಕೆ ತಾಗುವ ಕಡೆಯೇ ಹಿಡಿದು ನಿಧಾನವಾಗಿ ಎಳೆಯಬೇಕು. ನಡುವೆ ಹಿಡಿದರೆ ತುಂಡಾಗಿ ತಲೆ ಒಳಗೇ ಕೊಳೆಯುತ್ತದೆ. ಗಾಯಕ್ಕೆ ಹತ್ತಿಯಲ್ಲಿ ಪೊವಿಡೋನ್ ಅಯೋಡಿನ್ ತಾಗಿಸಿ, ಕಿವಿರಿಗೆ ಸೋರದಂತೆ ನೋಡಿಕೊಂಡು ಒಂದು ನಿಮಿಷದೊಳಗೆ ನೀರಿಗೆ ಬಿಡಬೇಕು. ಮರಿಗಳು ನೀರಿನಲ್ಲಿ ಇದ್ದೇ ಇರುತ್ತವೆ, ಬೆಚ್ಚನೆ ನೀರಿನಲ್ಲಿ ಮೂರು ವಾರದೊಳಗೆ ಹೊಸ ಪೀಳಿಗೆ ಬರುತ್ತದೆ. ಹಾಗಾಗಿ ವಾರಕ್ಕೊಮ್ಮೆ ಮೀನು ಹಿಡಿದು ನೋಡುವುದನ್ನು ಐದು ವಾರ ಬಿಡಲಿಲ್ಲ. ಡೈಫ್ಲುಬೆಂಜುರಾನ್ ಮರಿಗಳು ಪೊರೆ ಕಳಚದಂತೆ ಮಾಡಿ ಕೊಲ್ಲುತ್ತದೆ, ಆದರೆ ಕೊಳದ ಸೀಗಡಿ, ನೀರುಚಿಗಟ, ಏರೋಪ್ಲೇನ್ ಚಿಟ್ಟೆಯ ಮರಿಗಳನ್ನೂ ಉಳಿಸುವುದಿಲ್ಲ. ಎರಡೇ ಮೀನಿಗೆ ಅದು ಬೇಡವೆಂದು ಕೈಕೆಲಸವನ್ನೇ ನೆಚ್ಚಿದೆವು.

ಸೊಳ್ಳೆ ಮರಿ ಮೀನಿರುವ ಕೊಳದಲ್ಲಿ ಉಳಿಯುವುದಿಲ್ಲ, ಪಕ್ಕದ ಮೀನಿಲ್ಲದ ನೈದಿಲೆ ಕುಂಡದಲ್ಲಿ ಉಳಿಯುತ್ತದೆ. ಅಲ್ಲಿಗೆ ಬಿಟಿಐ ಹಾಕಿದೆವು. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ನಿಂತ ನೀರಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಅದು. ಮರಿ ಅದನ್ನು ತಿಂದರೆ ಹೊಟ್ಟೆಯ ಕ್ಷಾರದಲ್ಲಿ ವಿಷ ಬಿಡುಗಡೆಯಾಗುತ್ತದೆ, ಮೀನಿಗೆ ಏನೂ ಆಗುವುದಿಲ್ಲ. ಕೋಶಾವಸ್ಥೆಗೆ ಹೋದ, ಅಲ್ಪವಿರಾಮದಂತೆ ಬಾಗಿದ ಸೊಳ್ಳೆ ಏನನ್ನೂ ತಿನ್ನುವುದಿಲ್ಲ, ಆದ್ದರಿಂದ ಅದಕ್ಕೆ ಬಿಟಿಐ ನಾಟದು. ಹಾಕಿದ ಮಾರನೆಯ ದಿನವೂ ಸೊಳ್ಳೆ ಹಾರಿದರೆ ಮದ್ದು ಕೆಟ್ಟಿದೆ ಎಂದುಕೊಳ್ಳಬೇಡಿ. ನೈದಿಲೆ ಎಲೆಯ ಕಪ್ಪು ಸಸ್ಯಹೇನಿಗೆ ಬೇವಿನೆಣ್ಣೆ, ಸೋಪಿನ ನೀರು ಯಾವುದೂ ಬೇಡ, ಪೈಪಿನ ನೀರಿನಿಂದ ಕೊಳಕ್ಕೆ ತೊಳೆದುಬಿಟ್ಟರೆ ಮೀನು ತಿಂದು ಮುಗಿಸುತ್ತವೆ.

ಇಷ್ಟೆಲ್ಲ ಒಳಗೆ ಬಂದದ್ದು ಹೊಸ ಗಿಡ, ಹೊಸ ಮೀನಿನ ಜೊತೆ. ಈಗ ಗಟ್ಟಿ ಎಲೆಯ ಗಿಡಕ್ಕೆ ಒಂದು ಪಾಲು ಸುಗಂಧ ಬೆರೆಸದ ಬ್ಲೀಚ್, 19 ಪಾಲು ನೀರು, ಎರಡು ನಿಮಿಷ. ತೆಗೆದ ಕೂಡಲೇ ಕ್ಲೋರಿನ್ ಕಳೆಯುವ ದ್ರಾವಣ ಹೆಚ್ಚಾಗಿ ಹಾಕಿದ ನೀರಿನಲ್ಲಿ ಅದ್ದಿ, ಮೂಗಿಗೆ ವಾಸನೆ ಬಾರದಷ್ಟು ಜಾಲಿಸುತ್ತೇವೆ. ಮಾಸ್‌ಗೆ ಬ್ಲೀಚ್ ಆಗದು, ಅದಕ್ಕೆ ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚ ಪಟಿಕ ಕರಗಿಸಿ ಮೂರು ಗಂಟೆ. ಆಮೇಲೆ ಗಿಡವೂ ಮೀನೂ ಬೇರೆ ಬೇರೆ ತೊಟ್ಟಿಯಲ್ಲಿ ನಾಲ್ಕು ವಾರ. ಯುವಿ ದೀಪ ಹಾಕಿದ ತಾರೀಖನ್ನು ಅದರ ಡಬ್ಬಿಯ ಮೇಲೇ ಬರೆದಿದ್ದೇವೆ: ನೀಲಿ ಬೆಳಕು ಕಾಣುತ್ತಿದ್ದರೂ ವರ್ಷದ ಹೊತ್ತಿಗೆ ಅದರ ಯುವಿ ಕುಗ್ಗಿರುತ್ತದೆ, ಆಗ ಬದಲಿಸಬೇಕು. ಒಳಗಿನ ಕ್ವಾರ್ಟ್ಜ್ ಕೊಳವೆಗೆ ಕಟ್ಟುವ ಸುಣ್ಣದ ಪೊರೆಯನ್ನು ಮೂರು ತಿಂಗಳಿಗೊಮ್ಮೆ ವಿನೆಗರ್ ಹಾಕಿ ಒರೆಸಬೇಕು.